ಕಾಯುವ ಕಾಲದ ಕೆಲಸ



ಮುಖ್ಯಮಂತ್ರಿಯಾದವರು ಚಾಮರಾಜನಗರಕ್ಕೆ ಕಾಲಿಟ್ಟರೆ ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮಾತನ್ನು ನೀವು ಕೇಳಿರಬಹುದು. ಆ ಅಳುಕಿನಿಂದ ಕೆಲವರು ಈ ಊರಿನತ್ತ ಸುಳಿಯಲೇ ಇಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು 2013ರಲ್ಲಿ ಬಂದರು, ಮತ್ತೆ ಮತ್ತೆ ಬಂದರು. 2018ರಲ್ಲಿ ಐದು ವರ್ಷದ ಅವಧಿಯನ್ನು ಪೂರೈಸಿಯೂ ಬಿಟ್ಟರು. ನಾಳೆಯ ಭಯ ಕಾಡಿದಾಗ ಮನುಷ್ಯನು ತಪ್ಪನ್ನು ಊರಿನ ಮೇಲೋ ಗಳಿಗೆಯ ಮೇಲೋ ಹೊರಿಸುತ್ತಾನೆ. ನಮ್ಮ ಮನೆಗಳಲ್ಲಿಯೂ ಹೀಗೆ ನಡೆಯುವುದುಂಟು. ಆದರೆ ಈ ನೆಲದ ಚರಿತ್ರೆ ಕಲಿಸುವ ಪಾಠ ಬೇರೆ.

ಮೊದಲು ಗುಂಡ್ಲುಪೇಟೆಯ ಕಡೆಗೆ ನೋಡೋಣ. 1673ರಲ್ಲಿ ಮೈಸೂರಿನ ಅರಸರಾದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮುನ್ನ ಸಮೀಪದ ಹಂಗಳದಲ್ಲಿ ತಂದೆಯೊಡನೆ ನಿರ್ಬಂಧದಲ್ಲಿದ್ದರು. ಸಿಂಹಾಸನ ದೊರೆಯುವ ಭರವಸೆ ಇರಲಿಲ್ಲ. ಆ ದಿನಗಳಲ್ಲಿ ಅವರಿಗೆ ಒಡನಾಡಿಯಾದವರು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು. ರಾಜ್ಯ ಕೈಗೆ ಬಂದಾಗ ಚಿಕ್ಕದೇವರಾಜರು ಮಂತ್ರಿಯನ್ನಾಗಿ ಮಾಡಿಕೊಂಡದ್ದು ಆ ಪಂಡಿತರನ್ನೇ. ಗುಂಡ್ಲುಪೇಟೆಯಲ್ಲಿ ಅಂತ್ಯಕ್ರಿಯೆ ನಡೆದ ತಮ್ಮ ತಂದೆಯ ನೆನಪಿಗೆ ಅಲ್ಲಿಯೇ ಪರವಾಸುದೇವ ದೇಗುಲವನ್ನೂ ಕಟ್ಟಿಸಿದರು.

ಚಾಮರಾಜನಗರವೂ ಮಗನೊಬ್ಬನು ತಂದೆಗೆ ಸಲ್ಲಿಸಿದ ನೆನಪೇ. ಊರಿನ ಹಳೆಯ ಹೆಸರು ಅರಿಕುಠಾರ. 1794ರಲ್ಲಿ ಜನಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಎರಡು ವರ್ಷದ ಶಿಶುವಾಗಿದ್ದಾಗಲೇ ತಂದೆ ಚಾಮರಾಜ ಒಡೆಯರನ್ನು ಕಳೆದುಕೊಂಡರು, ಅರಮನೆಯನ್ನೂ ಕಳೆದುಕೊಂಡರು. 1799ರಲ್ಲಿ, ಐದನೆಯ ವಯಸ್ಸಿನಲ್ಲಿ, ಅವರಿಗೆ ಪಟ್ಟವಾಯಿತು. ತಂದೆ ಹುಟ್ಟಿದ ಈ ಊರಿಗೆ 1818ರಲ್ಲಿ ತಂದೆಯ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಐದೇ ವರ್ಷದಲ್ಲಿ, 1831ರಲ್ಲಿ, ಬ್ರಿಟಿಷರು ಆಡಳಿತವನ್ನು ಅವರಿಂದ ಕಿತ್ತುಕೊಂಡರು. ಅದನ್ನು ಮರಳಿ ಪಡೆಯಲು ಅವರು ಮಾಡಿದ ಮನವಿಗಳು ಫಲಿಸಲಿಲ್ಲ. 1868ರಲ್ಲಿ ಅವರು ತೀರಿಕೊಂಡರು. ರಾಜ್ಯ ಮರಳಿದ್ದು 1881ರಲ್ಲಿ, ದತ್ತುಪುತ್ರನಿಗೆ. ಆದರೂ ಆ 37 ವರ್ಷಗಳು ಬರಿದಾಗಲಿಲ್ಲ. 1833ರಲ್ಲಿ ಅವರು ಮೈಸೂರಿನಲ್ಲಿ ಉಚಿತ ಶಾಲೆ ತೆರೆದರು. ಅದೇ ಬೆಳೆದು ಮಹಾರಾಜ ಕಾಲೇಜಾಯಿತು. ಶ್ರೀತತ್ತ್ವನಿಧಿಯೆಂಬ ಬೃಹತ್ ಸಚಿತ್ರ ಗ್ರಂಥವೂ ಅವರ ಆಶ್ರಯದಲ್ಲಿ ಸಿದ್ಧವಾಯಿತು.

ಇಬ್ಬರೂ ಕಾದರು. ಒಬ್ಬರಿಗೆ ಬಯಸಿದ್ದು ದೊರೆಯಿತು, ಇನ್ನೊಬ್ಬರಿಗೆ ದೊರೆಯಲಿಲ್ಲ. ತಾಳಿದವನಿಗೆಲ್ಲ ಬಯಸಿದ್ದೇ ಸಿಗುವುದೆಂದು ನಾವು ಮಕ್ಕಳಿಗೆ ಹೇಳಿದರೆ ಅದು ಪೂರ್ಣ ಸತ್ಯವಲ್ಲ. ಕಾಯುವ ಕಾಲವನ್ನು ಹೇಗೆ ಕಳೆಯಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಇದು ಅರಸರ ಮಾತಾಯಿತು. ಮಳೆಯನ್ನೇ ನಂಬಿದವರ ಪಾಡೇನು? ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿತ್ತು. 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ನಡುವೆ ಬಂದದ್ದು 1876-78ರ ಮಹಾ ಬರಗಾಲ. ಅಂತಹ ಬರಗಳನ್ನು ಕಂಡ ಹಳೆಯ ಮೈಸೂರು ಸೀಮೆಯ ಒಕ್ಕಲು ಮಕ್ಕಳು ಹೊಲವನ್ನು ಒಂದೇ ಬೆಳೆಗೆ ಒಪ್ಪಿಸಲಿಲ್ಲ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಟ್ಟರು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಮಣ್ಣಿನ ತೇವ ಹೀರಿ, ಚಳಿಗಾಲದ ಇಬ್ಬನಿಯಲ್ಲಿ ಅವರೆ ಹೂವಾಗುತ್ತಿತ್ತು. ಇದ್ದಷ್ಟು ರಾಗಿ, ಒಂದಿಷ್ಟು ಕಾಳು, ದನಕ್ಕೆ ಮೇವು ಮನೆಗೆ ಬರುತ್ತಿತ್ತು. ಮಳೆಯನ್ನು ತರಿಸಲಾರೆನೆಂದು ಬಲ್ಲ ರೈತನು ಬಿತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಓದುಗರೇ, ಕೊಳವೆಬಾವಿ ಬತ್ತಿರಬಹುದು, ಮಗಳ ಪರೀಕ್ಷೆ ಕೈತಪ್ಪಿರಬಹುದು, ದುಡಿಯುವವರ ಕೆಲಸ ಹೋಗಿರಬಹುದು. ಅಂದು ಯಾರಿಂದಾಯಿತೆಂದು ಮನೆಯೊಳಗೆ ದೂಷಿಸುತ್ತ ಕೂರುವ ಬದಲು, ಇಂದು ನಾವು ಮಾಡಬಹುದಾದ ಕೆಲಸ ಯಾವುದೆಂದು ಒಟ್ಟಿಗೆ ಕೇಳಿಕೊಳ್ಳೋಣ. ವಿಶಾಲಾಕ್ಷ ಪಂಡಿತರಂತೆ ಬಿಡದೆ ಜೊತೆಗಿರುವವರೊಬ್ಬರು, ಮುಮ್ಮಡಿಯವರಿಗೆ ಉಳಿದಿದ್ದಂತೆ ಒಂದು ಕೆಲಸ, ರೈತನಂತೆ ಒಂದು ಅಕ್ಕಡಿ ಸಾಲು, ಇವು ನಮ್ಮ ಮನೆಯಲ್ಲಿವೆಯೇ? ಇಲ್ಲದಿದ್ದರೆ ಬಿತ್ತಲು ಇಂದೂ ಹದವಿದೆ.