ಉತ್ತಂಗಿ ಚನ್ನಪ್ಪ: ಕ್ರೈಸ್ತ ಸಾಧಕನ ವಚನದ ದಾರಿ

ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮವು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಗುರುತಾಗಿರುವುದು ಒಬ್ಬ ಕ್ರೈಸ್ತ ಪಾದ್ರಿಯ ಹೆಸರಿನಿಂದ. ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಜನಿಸಿದ್ದು ಧಾರವಾಡದಲ್ಲಿ. ಪೂರ್ವಿಕರ ಊರು ಉತ್ತಂಗಿ. ಮನೆತನ ವೀರಶೈವ ಮೂಲದ್ದು. ಕ್ರೈಸ್ತಧರ್ಮವನ್ನು ಸ್ವೀಕರಿಸಿದ ಬಳಿಕವೂ ಆ ಮನೆತನ ಊರಿನ ಹೆಸರನ್ನು ಕಳಚಿಹಾಕಲಿಲ್ಲ. ಮತ ಬದಲಾದಾಗ ಮನುಷ್ಯನಲ್ಲಿ ನಿಜವಾಗಿ ಬದಲಾಗಬೇಕಾದುದು ಯಾವುದು ಎಂಬ ಪ್ರಶ್ನೆಯನ್ನು ಚನ್ನಪ್ಪನವರ ಬದುಕು ಬಹಳ ಸ್ಪಷ್ಟವಾಗಿ ಎದುರಿಗಿಡುತ್ತದೆ.

ಕ್ರೈಸ್ತ ಧರ್ಮಗ್ರಂಥದಲ್ಲಿ ಈ ಬದಲಾವಣೆಗೆ ಹೊಸ ಜನ್ಮವೆಂದೇ ಹೆಸರು. ಯೋಹಾನನ ಸುವಾರ್ತೆಯಲ್ಲಿ ನಿಕೊದೇಮನೆಂಬ ಪಂಡಿತನು ರಾತ್ರಿಯ ವೇಳೆ ಯೇಸುವಿನ ಬಳಿಗೆ ಬಂದು ಕೇಳಿ ತಬ್ಬಿಬ್ಬಾದದ್ದು ಈ ಮಾತನ್ನೇ. ಪೌಲನ ಪತ್ರಗಳಲ್ಲಿ ಅದು ಹಳೆಯ ಮನುಷ್ಯನನ್ನು ಕಳಚಿ ಹೊಸಬನನ್ನು ಧರಿಸುವ ರೂಪಕವಾಗಿ ಬರುತ್ತದೆ. ಹೊಸ ಜನ್ಮ ಆರಂಭ ಮಾತ್ರ. ಪ್ರೀತಿ, ಸಂತೋಷ, ಶಾಂತಿ, ತಾಳ್ಮೆ, ಸಂಯಮ ಮೊದಲಾದ ಆತ್ಮದ ಫಲಗಳು ಜೀವಮಾನವಿಡೀ ಮಾಗಬೇಕಾದವು. ಈ ನಿಧಾನವಾದ ಮಾಗುವಿಕೆಯನ್ನೇ ದೇವಶಾಸ್ತ್ರದಲ್ಲಿ ಪವಿತ್ರೀಕರಣ ಎನ್ನುತ್ತಾರೆ.

1834ರಲ್ಲಿ ಮಂಗಳೂರಿಗೆ, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳು ಅಂತರಂಗದ ಈ ಪರಿವರ್ತನೆಗೆ ವಿಶೇಷ ಮಹತ್ವ ಕೊಡುತ್ತಿದ್ದ ಭಕ್ತಿಪಂಥದವರು. ದೀಕ್ಷಾಸ್ನಾನವೊಂದರಿಂದಲೇ ಅವರಿಗೆ ತೃಪ್ತಿಯಿರಲಿಲ್ಲ. ಪಶ್ಚಾತ್ತಾಪ, ನಿತ್ಯ ಪ್ರಾರ್ಥನೆ, ಬೈಬಲ್ ಪಠಣ, ಜಾತಿಭೇದದ ತ್ಯಾಗ ಇವೆಲ್ಲವೂ ಬೇಕಿದ್ದವು. ಆದರೆ ಮತಾಂತರಗೊಂಡವನಿಗೆ ಜಾತಿಯೊಡನೆ ನಂಟರೂ ಕಸುಬೂ ತಪ್ಪುತ್ತಿದ್ದವು. ಮಿಶನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಹೀಗೆ ಒಳಗಿನ ಬದಲಾವಣೆಯ ಜೊತೆಗೆ ಹೊರಗಿನ ಬೇರ್ಪಡೆಯೂ ಬಂದಿತು.

ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿತು ಪಾದ್ರಿಯಾದ ಚನ್ನಪ್ಪನವರು ಬೇರ್ಪಡೆಯ ಈ ಗೋಡೆಯನ್ನು ಒಪ್ಪಲಿಲ್ಲ. ಕ್ರಿಸ್ತನಿಷ್ಠೆಯನ್ನು ಸಡಿಲಿಸದೆಯೇ ಪೂರ್ವಿಕರ ವಚನಗಳಿಗೆ ಮರಳಿದರು. ಅಂತರಂಗಶುದ್ಧಿ, ಅಹಂಕಾರದ ನಾಶ, ನುಡಿದಂತೆ ನಡೆಯುವುದು, ಹುಟ್ಟಿನ ಮೇಲುಕೀಳಿನ ನಿರಾಕರಣೆ: ಮಿಶನ್ನಿನ ಪಾಠಶಾಲೆಯಲ್ಲಿ ಕಲಿತ ಸಾಧನೆಯ ಮೆಟ್ಟಿಲುಗಳಿಗೆ ಹನ್ನೆರಡನೆಯ ಶತಮಾನದ ಕನ್ನಡದಲ್ಲಿ ಸಿದ್ಧವಾದ ಮಾತುಗಳಿದ್ದವು. ಎರಡೂ ಒಂದೇ ಎಂದು ಹೇಳಿದರೆ ಅದು ಅವಸರದ ತೀರ್ಮಾನವಾದೀತು. ಕ್ರೈಸ್ತನಿಗೆ ಪರಿವರ್ತನೆ ಮೂಲತಃ ಕೃಪೆಯ ಕಾರ್ಯ, ಶಿಲುಬೆಯನ್ನು ಬಿಟ್ಟು ಅದಿಲ್ಲ. ಅವರ ಒಂದು ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’. ಖಂಡನೆಯೂ ಅಲ್ಲ, ಸವಾಲೂ ಅಲ್ಲ, ವಿನಂತಿ! ಆ ಕಾಲದ ಮತಪ್ರಚಾರದ ಕರಪತ್ರಗಳ ಧಾಟಿ ಬಲ್ಲವರಿಗೆ ಈ ಒಂದು ಪದದ ತೂಕ ತಿಳಿಯುತ್ತದೆ.

ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಸಂಗ್ರಹಿಸಿ 1924ರಲ್ಲಿ ಅವರು ಪ್ರಕಟಿಸಿದ ‘ಸರ್ವಜ್ಞನ ವಚನಗಳು’ ಸರ್ವಜ್ಞನ ಅಧ್ಯಯನಕ್ಕೆ ಅಡಿಪಾಯ ಹಾಕಿತು. ಆಚಾರ ಡಂಭವನ್ನು ಯಾವ ಮತದಲ್ಲಿದ್ದರೂ ಬಿಡದ ಕವಿಯನ್ನು ಒಬ್ಬ ಪಾದ್ರಿ ಹುಡುಕಿಕೊಂಡು ಹೋದದ್ದು ಆಕಸ್ಮಿಕವಲ್ಲ. ಮುಂದೆ ‘ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ’ ಬಂದಿತು. ಅನುಭವ ಮಂಟಪ ಕೇವಲ ಕಲ್ಪನೆಯೆಂಬ ಸಂಶಯಕ್ಕೆ ಉತ್ತರವಾಗಿ 1951ರಲ್ಲಿ ‘ಅನುಭವ ಮಂಟಪದ ಐತಿಹಾಸಿಕತೆ’ ಬಂದಿತು. ಶರಣರ ಮಂಟಪದ ಪರವಾಗಿ ವಾದಿಸಿದವರು ಚರ್ಚಿನ ಸಭಾಪಾಲಕರೆಂಬುದನ್ನು ಇಂದಿನ ಓದುಗರು ಮರೆತಿರುವುದೇ ಹೆಚ್ಚು.

1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಚನ್ನಪ್ಪನವರೇ ಅಧ್ಯಕ್ಷರಾದರು. ಹೈದರಾಬಾದ್ ಸಂಸ್ಥಾನವು ಭಾರತ ಒಕ್ಕೂಟಕ್ಕೆ ಸೇರಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮತದ ಹೆಸರಿನ ಗಾಯಗಳು ಹಸಿಯಾಗಿದ್ದ ಆ ನಾಡಿನಲ್ಲಿ ಕನ್ನಡಿಗರು ಆ ಗೌರವದ ಪೀಠದಲ್ಲಿ ಕೂರಿಸಿದ್ದು ಒಬ್ಬ ಕ್ರೈಸ್ತ ಪಾದ್ರಿಯನ್ನು. ಅವರಿಗೆ ಅಂಟಿಕೊಂಡ ಬಿರುದು ‘ತಿರುಳ್ಗನ್ನಡದ ತಿರುಕ’. ಉತ್ತಂಗಿ ಗ್ರಾಮವು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ.