ಬಳ್ಳಾರಿಯ ಗೋಸಂಪತ್ತೂ ನರಹುಲಿಯ ವಿಜ್ಞಾನವೂ

ಬಳ್ಳಾರಿ ನಗರದ ಹೊರವಲಯದ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳನ್ನೇರಿ, ಅಲ್ಲಿಯ ಕರಿಬಂಡೆಗಳ ಮೇಲೆ ನವಶಿಲಾಯುಗದ ಜನರು ಕುಟ್ಟಿ ಮೂಡಿಸಿದ ಉದ್ದಕೊಂಬಿನ ಗೂಳಿಗಳನ್ನು ಕಂಡವರಿಗೆ, ಈ ಸೀಮೆಯ ಚರಿತ್ರೆಯು ಕೋಟೆಕೊತ್ತಲಗಳಿಗಿಂತ ಬಹುಪೂರ್ವದಲ್ಲಿ, ದನದ ಹಟ್ಟಿಗಳಲ್ಲಿ ಆರಂಭವಾಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕುಡತಿನಿಯ ಬಳಿಯ ಬೂದಿದಿಬ್ಬವನ್ನು ಜನರು ರಾಕ್ಷಸರ ಚಿತಾಭಸ್ಮವೆಂದು ಬಹುಕಾಲ ನಂಬಿದ್ದರು. ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಕಪ್ಪಗಲ್ಲಿನ ನೆಲೆಯನ್ನು ಗುರುತಿಸಿದ ಮೇಲೆ, ಮತ್ತು ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ಉಟ್ನೂರಿನ ಅಂಥದೇ ದಿಬ್ಬವನ್ನು ಅಗೆದು ಗೊರಸಿನ ಗುರುತುಗಳನ್ನು ಕಂಡ ಮೇಲೆ, ಅದು ದನದೊಡ್ಡಿಗಳಲ್ಲಿ ತಲೆಮಾರುಗಳಿಂದ ಶೇಖರವಾಗಿ ಸುಡಲ್ಪಟ್ಟ ಸಗಣಿಯ ಬೂದಿಯೆಂಬುದು ಸ್ಥಿರವಾಯಿತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾಯರು ಅಗೆದು ತೆರೆದ ವಸತಿಗಳೂ ಇದೇ ಗೋಪಾಲಕ ಜನಾಂಗದ ಕಥೆಯನ್ನೇ ಮುಂದುವರಿಸುತ್ತವೆ.

ಆ ಪರಂಪರೆ ಕಡಿದುಹೋಗಲಿಲ್ಲ. ಸಿಂದ ಮನೆತನದ ಮಾಂಡಲಿಕರು ಆಳಿದ ಕುರುಗೋಡಿನಲ್ಲಿ ಏಕಶಿಲೆಯ ಬೃಹತ್ ನಂದಿಯು ದೊಡ್ಡಬಸವೇಶ್ವರನೆಂಬ ಹೆಸರಿನಿಂದ ಇಂದಿಗೂ ಪೂಜೆಗೊಳ್ಳುತ್ತಿದ್ದಾನೆ. ತುಂಗಭದ್ರೆಯ ನೀರುಂಡ ಸಿರುಗುಪ್ಪದ ಭತ್ತದ ಗದ್ದೆಗಳನ್ನೂ ಎರೆಹೊಲಗಳನ್ನೂ ಟ್ರ್ಯಾಕ್ಟರು ಬರುವವರೆಗೆ ಉತ್ತು ಹಸನುಮಾಡಿದವು ಎತ್ತುಗಳೇ. ದನಗಳೊಡನೆ ಇಷ್ಟು ದೀರ್ಘಕಾಲ ಬಾಳಿದ ಜನರು ಅವುಗಳ ವ್ಯಾಧಿಗಳನ್ನೂ ಬಲ್ಲವರಾಗಿದ್ದರು. ಎಳೆಗರುಗಳ ಮೋರೆ, ಕತ್ತು, ಕಿವಿಗಳ ಮೇಲೆ ಹೂಕೋಸಿನಂತೆ ಏಳುವ ನರಹುಲಿಯು ಅವುಗಳಲ್ಲೊಂದು. ಅದಕ್ಕೆ ಕುದುರೆಯ ಬಾಲದ ಕೂದಲನ್ನು ಬಿಗಿದು ಕಟ್ಟುವುದು ಒಂದು ರೂಢಿ. ಮನುಷ್ಯರಿಗೆ ಬಂದಾಗ ದೇವರ ಕಲ್ಯಾಣಿಗೆ ಉಪ್ಪು ಬೆಲ್ಲಗಳನ್ನು ಹಾಕಿ, ಅವು ಕರಗಿದಂತೆ ಇದೂ ಕರಗಲೆಂದು ಹರಕೆ ಹೊರುವುದು ಕನ್ನಡನಾಡಿನ ಹಲವೆಡೆ ಇರುವ ಮತ್ತೊಂದು ರೂಢಿ. ಬಹುಪಾಲು ನರಹುಲಿಗಳು ಕೆಲವು ತಿಂಗಳುಗಳಲ್ಲಿ ದೇಹದ ರೋಗನಿರೋಧಶಕ್ತಿಯಿಂದ ತಾವಾಗಿಯೇ ಉದುರಿಹೋಗುವುದರಿಂದ, ಹರಕೆಗಳು ಫಲಿಸಿದುವೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಆ ಶ್ರದ್ಧೆಯನ್ನು ಹೀಯಾಳಿಸುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ನರಹುಲಿಯ ನಿಜವಾದ ಕಾರಣವು ಬುದ್ಧಿಗೆ ಎಟುಕಲು ವಿಜ್ಞಾನಕ್ಕೂ ಬಹುಕಾಲ ಬೇಕಾಯಿತು.

ನರಹುಲಿಯು ವೈರಸ್ಸಿನಿಂದ ಏಳುವ ಗೆಡ್ಡೆ; ಅದರ ಕಥೆಯು ಅರ್ಬುದದ ಕಥೆಯೊಡನೆ ಹೆಣೆದುಕೊಂಡಿದೆ. ವೈರಸ್ಸಿನಿಂದ ಅರ್ಬುದವು ಹುಟ್ಟಬಲ್ಲುದೆಂದು ಪೇಟನ್ ರೌಸ್ ಎಂಬ ಅಮೆರಿಕದ ವೈದ್ಯನು 1911ರಲ್ಲಿ ಕೋಳಿಯ ಗೆಡ್ಡೆಯೊಂದರಿಂದ ತೋರಿಸಿದಾಗ ಅದನ್ನು ಗಂಭೀರವಾಗಿ ಎಣಿಸಿದವರು ವಿರಳ. ಆತನಿಗೆ ನೊಬೆಲ್ ಪುರಸ್ಕಾರವು ದೊರೆತದ್ದು 1966ರಲ್ಲಿ. ಆ ವೈರಸ್ಸಿನ ಅರ್ಬುದಕಾರಕ ಜೀನು ನಿರೋಗಿಯಾದ ಕೋಳಿಯ ಜೀವಕೋಶಗಳಲ್ಲಿಯೂ ಇರುವುದೆಂದು ಬಿಷಪ್ ಮತ್ತು ವಾರ್ಮಸ್ ಅವರ ಬಳಗವು 1976ರಲ್ಲಿ ಪ್ರಕಟಿಸಿದಾಗ, ವೈರಸ್ಸು ಆ ಜೀನನ್ನು ಹಿಂದೆಂದೋ ಪ್ರಾಣಿಯ ದೇಹದಿಂದಲೇ ಅಪಹರಿಸಿತ್ತೆಂಬುದು ಸ್ಪಷ್ಟವಾಯಿತು. ಆದರೆ ಹೀಗೆ ಅಪಹೃತವಾದ ಜೀನುಗಳು ದೇಹದಲ್ಲಿ ಮೊದಲು ಯಾವ ಕಾರ್ಯಕ್ಕಾಗಿ ಇದ್ದುವು?

ಅಂಥ ಮತ್ತೊಂದು ಜೀನಿನ ಮಟ್ಟಿಗೆ ಉತ್ತರವು ದೊರೆತದ್ದು ರಕ್ತದಿಂದ. ಹೆಪ್ಪುಗಟ್ಟಿದ ರಕ್ತದಿಂದ ಪಡೆದ ದ್ರವದಲ್ಲಿ ಜೀವಕೋಶಗಳು ಹುಲುಸಾಗಿ ವೃದ್ಧಿಯಾಗುತ್ತವೆ, ಹೆಪ್ಪುಗಟ್ಟದ ರಕ್ತದ ದ್ರವದಲ್ಲಿ ಆಗುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವು ಗಾಯವಾದೆಡೆಯಲ್ಲಿ ಪ್ಲೇಟ್ಲೆಟ್ ಕಣಗಳು ಹೊರಸೂಸುವ ಒಂದು ಪ್ರೋಟೀನು ಎಂಬುದು 1974ರಲ್ಲಿ ತಿಳಿದುಬಂದಿತ್ತು. ಚರ್ಮದ ಕೆಳಪದರದ ಕೋಶಗಳಿಗೆ ‘ವೃದ್ಧಿಯಾಗಿ, ಗಾಯವನ್ನು ತುಂಬಿ’ ಎಂದು ಆಜ್ಞೆ ಮಾಡುವ ಈ ವೃದ್ಧಿಕಾರಕದ ಅಮೈನೋ ಆಮ್ಲಗಳ ಸರಣಿಯು ಓದಿಗೆ ಸಿಕ್ಕಿದಾಗ, ಲಂಡನ್ನಿನ ವಾಟರ್‌ಫೀಲ್ಡ್ ಮತ್ತು ಸಂಗಡಿಗರೂ, ಸ್ಯಾನ್ ಡಿಯೇಗೋದ ರಸೆಲ್ ಡೂಲಿಟಲ್ ಮತ್ತು ಸಂಗಡಿಗರೂ ಪ್ರತ್ಯೇಕವಾಗಿ ಅದನ್ನು ಇತರ ಪ್ರೋಟೀನುಗಳೊಡನೆ ಗಣಕಯಂತ್ರದಲ್ಲಿ ಹೋಲಿಸಿ ನೋಡಿದರು. ಮನೆಯೊಂದರಲ್ಲಿ ಸಾಕಿದ್ದ ಉಣ್ಣೆಗೂದಲಿನ ಕೋತಿಯ ಗೆಡ್ಡೆಯಿಂದ 1971ರಲ್ಲಿ ದೊರೆತಿದ್ದ ಬೇರೊಂದು ವೈರಸ್ಸಿನ ‘ಸಿಸ್’ ಎಂಬ ಅರ್ಬುದಜೀನಿನ ಪ್ರೋಟೀನು ಈ ವೃದ್ಧಿಕಾರಕದ ‘ಬಿ’ ಎಂಬ ಸರಪಳಿಯೊಡನೆ ಬಹುಪಾಲು ಒಂದೇ ಆಗಿತ್ತು. 1983ರ ಜುಲೈ ತಿಂಗಳೊಂದರಲ್ಲೇ ಎರಡೂ ಬಳಗಗಳ ಲೇಖನಗಳು ಅಚ್ಚಾದವು. ಶಾನುಭೋಗರ ಮೊಹರನ್ನು ಕದ್ದವನು ಅದನ್ನು ಹಗಲಿರುಳೂ ಒತ್ತುವಂತೆ, ಗಾಯವಾದಾಗ ಮಾತ್ರ ಕೆಲಕಾಲ ಹೊರಡಬೇಕಾದ ಆಜ್ಞೆಯನ್ನು ವೈರಸ್ಸು ನಿರಂತರವಾಗಿ ಹೊರಡಿಸುತ್ತಿತ್ತು. ಆ ಶತಮಾನದ ಜೀವವಿಜ್ಞಾನದಲ್ಲಿ ನನ್ನನ್ನು ಇಷ್ಟು ಆಳವಾಗಿ ಅಲುಗಿಸಿದ ಸಂಗತಿ ಬೇರೊಂದಿಲ್ಲ: ನಮ್ಮನ್ನು ಗುಣಪಡಿಸುವ ಶಕ್ತಿಗೂ ಕೊಲ್ಲುವ ಶಕ್ತಿಗೂ ಮೂಲದಲ್ಲಿ ಒಂದೇ ಅಕ್ಷರಮಾಲೆ.

ಹಟ್ಟಿಯ ಕರುವಿನ ನರಹುಲಿಯು ಈ ಕಥೆಯೊಳಗೆ ಬರುವುದು ಇಲ್ಲಿಯೇ. ಅದಕ್ಕೆ ಕಾರಣವಾದ ಗೋವಿನ ಪ್ಯಾಪಿಲೋಮ ವೈರಸ್ಸು ಯಾವ ಜೀನನ್ನೂ ಕದ್ದಿಲ್ಲ. ಅದರ ಇ-5 ಎಂಬ, ಕೇವಲ 44 ಅಮೈನೋ ಆಮ್ಲಗಳ ಅತ್ಯಲ್ಪ ಪ್ರೋಟೀನಿಗೆ ವೃದ್ಧಿಕಾರಕದೊಡನೆ ರೂಪಸಾದೃಶ್ಯವೂ ಇಲ್ಲ. ಹಾಗಿದ್ದೂ ಅದು ಜೀವಕೋಶದ ಪೊರೆಯೊಳಗೆ ಹೊಕ್ಕು, ಆ ವೃದ್ಧಿಕಾರಕದ ಆಜ್ಞೆಯನ್ನು ಸ್ವೀಕರಿಸುವ ಗ್ರಾಹಕವನ್ನೇ ಹಿಡಿದು, ಆಜ್ಞೆಯೇ ಇಲ್ಲದೆ ಅದನ್ನು ಎಚ್ಚರಗೊಳಿಸುತ್ತದೆಂದು ಯೇಲ್ ವಿಶ್ವವಿದ್ಯಾಲಯದ ಡಿಮೈಯೊ ಅವರ ಬಳಗವು 1991ರಲ್ಲಿ ತೋರಿಸಿತು. ದನಗಳ ನರಹುಲಿಯಲ್ಲಿ ಮೇಲ್ಚರ್ಮದೊಡನೆ ಕೆಳಪದರದ ನಾರುಕೋಶಗಳೂ ಬೆಳೆದು ಗಂಟಾಗುವುದು ಇದರಿಂದಲೇ. ಕೋತಿಯ ವೈರಸ್ಸು ಕಳವಿನಿಂದ ತಲಪಿದ ಬಾಗಿಲನ್ನೇ ಗೋವಿನ ವೈರಸ್ಸು ಸ್ವಂತ ಉಪಾಯದಿಂದ ತೆರೆಯಿತು. ಇದೇ ವೈರಸ್ಸು ಕುದುರೆಗೆ ದಾಟಿದರೆ, ಕರುವಿನಲ್ಲಿ ಉದುರಿಹೋಗುವ ನರಹುಲಿಯಂತಲ್ಲದೆ, ಹಟದಿಂದ ಮರಳಿ ಮರಳಿ ಬೆಳೆಯುವ ಗೆಡ್ಡೆಯಾಗುವುದುಂಟು.

ಮನುಷ್ಯನಲ್ಲಿಯಂತೂ ಆ ವೃದ್ಧಿಕಾರಕದ ಜೀನು ಕೆಡಲು ವೈರಸ್ಸೇ ಬೇಕಾಗಿಲ್ಲ. ಚರ್ಮದ ಕೆಳಪದರದಲ್ಲಿ ಮೆಲ್ಲಗೆ ಉಬ್ಬಿ, ಕತ್ತರಿಸಿದರೂ ಮತ್ತೆ ತಲೆಯೆತ್ತುವ ಒಂದು ವಿರಳವಾದ ಗೆಡ್ಡೆಯಲ್ಲಿ, 22ನೆಯ ವರ್ಣತಂತುವಿನ ಮೇಲಿರುವ ಇದೇ ವೃದ್ಧಿಕಾರಕದ ಜೀನು 17ನೆಯ ವರ್ಣತಂತುವಿನ ಕೊಲಾಜೆನ್ ಜೀನಿಗೆ ತಪ್ಪಾಗಿ ಬೆಸೆದುಕೊಂಡಿರುತ್ತದೆಂದು 1997ರಲ್ಲಿ ಕಂಡುಬಂದಿತು. ಆ ಗ್ರಾಹಕದ ಕೆಲಸವನ್ನು ತಡೆಯುವ ಇಮ್ಯಾಟಿನಿಬ್ ಎಂಬ ಮಾತ್ರೆಯನ್ನು, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಷ್ಟು ಬೆಳೆದ ಅಂಥ ಗೆಡ್ಡೆಗಳಿಗೆ ಇಂದು ವೈದ್ಯರು ಕೊಡುತ್ತಾರೆ.