ಉರ್ದು ಸಾಲಿಯ ಕನ್ನಡ ಮೇಷ್ಟ್ರು

ಗುಂಜಹಳ್ಳಿಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹೊಲದ ಕಾಗದಗಳಿವೆ. ಎಲ್ಲವೂ ಉರ್ದು, ಓದಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ. ನಿಜಾಮರ ಕಾಲದಲ್ಲಿ ಸಾಲಿ, ಕಚೇರಿ, ಕೋರ್ಟು ಎಲ್ಲಾ ಕಡೆ ಅದೇ ನಡೆಯುತ್ತಿತ್ತು. 1948ರಲ್ಲಿ ಆ ಆಳ್ವಿಕೆ ಮುಗಿದರೂ ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇತ್ತು.

ಆ ಉರ್ದುವನ್ನೇ ಕನ್ನಡಕ್ಕೆ ದುಡಿಸಿಕೊಂಡವರು ಮೇಷ್ಟ್ರು, ಕವಿ ಶಾಂತರಸರು. 1924ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಹೆಂಬೆರಾಳಿನಲ್ಲಿ ಹುಟ್ಟಿದವರು. ಮಿರ್ಜಾ ರುಸ್ವಾರ ‘ಉಮ್ರಾವ್ ಜಾನ್ ಅದಾ’ ಕಾದಂಬರಿಯನ್ನು ಕನ್ನಡಕ್ಕೆ ತಂದರು, ತಾವೂ ‘ಸಣ್ಣ ಗೌಡಸಾನಿ’ ಬರೆದರು. ಗಜಲಿನ ಕಾಫಿಯಾ (ಪ್ರಾಸ), ರದೀಫ್‌ (ಪ್ರಾಸದ ಬೆನ್ನಿಗೇ ಮರುಕಳಿಸುವ ಪದ)ಗಳನ್ನು ಕನ್ನಡಕ್ಕೆ ಒಗ್ಗಿಸಿದರು. ಗಜಲಿನಲ್ಲಿ ಪ್ರತಿ ದ್ವಿಪದಿಯೂ ತಾನೇ ನಿಲ್ಲಬೇಕು, ಕೊನೆಯದರಲ್ಲಿ ಸಾಮಾನ್ಯವಾಗಿ ಕವಿಯ ಹೆಸರು ಬರುತ್ತದೆ. ಅಂಕಿತವಿಟ್ಟ ವಚನ, ತತ್ವಪದ ಕೇಳಿದ ನಮ್ಮವರಿಗೆ ಇದೇನು ಹೊಸದೆ? ಮಗಳು ಮುಕ್ತಾಯಕ್ಕ ಆ ದಾರಿಯಲ್ಲೇ ಗಜಲು ಬರೆದರು.

2006ರ ಬೀದರ್ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಎಂಬತ್ತು ದಾಟಿತ್ತು. ನಾಡು ತಡವಾಗಿಯೇ ಗುರುತಿಸಿತು ಅನ್ನಬೇಕು. ಎರಡು ವರ್ಷಕ್ಕೆ ತೀರಿಕೊಂಡರು. ಎಲ್ಲರೂ ಅವರ ಗಜಲನ್ನೇ ಹೊಗಳುತ್ತಾರೆ. ನನ್ನನ್ನು ಕೇಳಿದರೆ, ಮೊದಲು ‘ಬಡೇಸಾಬು ಪುರಾಣ’ದ ಕತೆಗಳನ್ನು ಓದಿ.